ಮೂರು ವರ್ಷದ ಲೆಕ್ಕ: ಎನ್‌ಬಿಎ ತಂಡ ತನ್ನದೇ ಆಟಗಾರನನ್ನು ಉಳಿಸಿಕೊಳ್ಳುವ ಬಗೆ

ಜುಲೈ 1ರ ಬೆಳಗಿನ ಜಾವ ಮೂರೂವರೆಗೆ ಬೆಂಗಳೂರಿನಲ್ಲಿ ಹಾಲಿನವರೂ ಇನ್ನೂ ಬೀದಿಗೆ ಇಳಿದಿರುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಆಗ ಜೂನ್ 30ರ ಸಂಜೆ ಆರು ಗಂಟೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ನೋಡಿಕೊಳ್ಳುವ ಕಾಲ, ಶುರುವಾಗುವುದು ಆ ಹೊತ್ತಿಗೆ. ನಾವು ಎದ್ದು ಫೋನ್ ತೆಗೆಯುವಷ್ಟರಲ್ಲಿ ಎಷ್ಟೋ ಆಟಗಾರರು ತಂಡ ಬದಲಿಸಿಯಾಗಿರುತ್ತದೆ. ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ ಆಗ ಓಡಾಡುವುದು ಒಂದೇ ಮಾತು: "ಕ್ಯಾಪಲ್ಲಿ ಜಾಗ ಇರ್ಲಿಲ್ಲ ಗುರು, ಅದಕ್ಕೇ ಬಿಟ್ರು."

ಕ್ಯಾಪ್ ಅಂದರೆ ತಂಡ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಲೀಗ್ ಎಳೆದ ಗೆರೆ. ಆದರೆ ಈ ಮಾತು ಬಹುಪಾಲು ತಪ್ಪು. ತನ್ನದೇ ಆಟಗಾರನಿಗೆ ಮತ್ತೆ ಸಹಿ ಹಾಕಿಸಲು ತಂಡಕ್ಕೆ ಕ್ಯಾಪ್‌ನಲ್ಲಿ ಜಾಗವೇ ಬೇಕಾಗಿಲ್ಲ. ಬೇಕಾಗಿರುವುದು ಹಕ್ಕು. ಆ ಹಕ್ಕು ಕೈಯಲ್ಲಿ ಇರುತ್ತದೋ ಇಲ್ಲವೋ ಎನ್ನುವುದು ಆ ಜುಲೈನಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಎರಡೋ ಮೂರೋ ವರ್ಷ ಹಿಂದೆ ಹಳೆಯ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ, ಅದರಲ್ಲಿ ಎಷ್ಟು ವರ್ಷ ಬರೆದರು, ಕೊನೆಯ ವರ್ಷದ ಆಯ್ಕೆಯನ್ನು ಯಾರ ಕೈಗೆ ಕೊಟ್ಟರು ಎನ್ನುವುದರಲ್ಲೇ ಅದು ಮುಗಿದಿರುತ್ತದೆ.

ನಮಗೆ ಈ ಗೊಂದಲ ಆಗುವುದು ಸಹಜ. ನಾವು ಕಲಿತ ಲೆಕ್ಕ ಐಪಿಎಲ್‌ನದ್ದು. 2025ರ ಮೆಗಾ ಹರಾಜಿಗೆ ಪ್ರತಿ ತಂಡದ ಜೇಬಿನಲ್ಲಿದ್ದದ್ದು 120 ಕೋಟಿ ರೂಪಾಯಿ. ಆರ್‌ಸಿಬಿ ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. ಒಟ್ಟು 37 ಕೋಟಿ ಹೋಯಿತು, 83 ಕೋಟಿ ಹಿಡಿದು ಹರಾಜಿಗೆ ಹೋಯಿತು. ಉಳಿಸಿಕೊಂಡವನ ಹಣವೂ ಹೊಸಬನ ಹಣವೂ ಒಂದೇ ಜೇಬಿನಿಂದ ಬರುವುದರಿಂದ ಅಲ್ಲಿ "ಜಾಗ ಇಲ್ಲ" ಎನ್ನುವ ಮಾತಿಗೆ ಅರ್ಥವಿದೆ. ಎನ್‌ಬಿಎಯಲ್ಲಿ ಹೊಸಬನಿಗೆ ಒಂದು ಲೆಕ್ಕ, ಮನೆಯವನಿಗೆ ಇನ್ನೊಂದು ಲೆಕ್ಕ.

2025-26ರ ಸೀಸನ್‌ಗೆ ಸ್ಯಾಲರಿ ಕ್ಯಾಪ್ 15.46 ಕೋಟಿ ಡಾಲರ್. ಬೇರೆ ತಂಡದ ಫ್ರೀ ಏಜೆಂಟ್ ಒಬ್ಬನನ್ನು ದೊಡ್ಡ ಮೊತ್ತಕ್ಕೆ ಕರೆತರಬೇಕಾದರೆ ಈ ಗೆರೆಯ ಕೆಳಗೆ ಅಷ್ಟು ಜಾಗ ಇರಲೇಬೇಕು. ಜಾಗ ಇಲ್ಲದಿದ್ದರೆ ಮಿಡ್ ಲೆವೆಲ್‌ನಂಥ ಸಣ್ಣ ರಿಯಾಯಿತಿಗಳಷ್ಟೇ ಗತಿ. ಆ ವರ್ಷ ಅದರ ಮೊತ್ತ ಸುಮಾರು 1.41 ಕೋಟಿ ಡಾಲರ್. ತನ್ನವನ ವಿಷಯ ಬಂದಾಗ ಮಾತ್ರ ತಂಡ ಗೆರೆ ದಾಟಬಹುದು. ಹಾಗೆ ದಾಟಲು ಬಿಡುವ ರಿಯಾಯಿತಿಗೇ ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಹೆಸರು ಅಂಟಿಕೊಂಡು ಬರ್ಡ್ ರೈಟ್ಸ್ ಆಯಿತು. ಕ್ಯಾಪ್ ಜಾರಿಗೆ ಬಂದದ್ದು 1984-85ರಲ್ಲಿ, ಆಗ ಅದರ ಮೊತ್ತ 36 ಲಕ್ಷ ಡಾಲರ್. ಈ ರಿಯಾಯಿತಿಯ ಶಕ್ತಿ ಎಷ್ಟು ಎನ್ನುವುದಕ್ಕೆ 1997-98ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ವರ್ಷ ಇಡೀ ತಂಡದ ಕ್ಯಾಪ್ 2.69 ಕೋಟಿ ಡಾಲರ್. ಶಿಕಾಗೊ ಬುಲ್ಸ್ ಮೈಕೆಲ್ ಜೋರ್ಡನ್ ಒಬ್ಬನಿಗೇ ಕೊಟ್ಟದ್ದು 3.31 ಕೋಟಿ. ಒಬ್ಬನ ಸಂಬಳ ಇಡೀ ತಂಡದ ಮಿತಿಯನ್ನೇ ಮೀರಿತ್ತು, ನಿಯಮ ಮಾತ್ರ ಎಳ್ಳಷ್ಟೂ ಮುರಿದಿರಲಿಲ್ಲ. ಆಟಗಾರನೊಬ್ಬನಿಗೆ ಗರಿಷ್ಠ ಸಂಬಳ ಇಷ್ಟೇ ಎಂಬ ಕಟ್ಟು ಬಂದದ್ದು ಅದಾದ ಮೇಲೆ, 1999ರಲ್ಲಿ.

ಮೂರು, ಎರಡು, ಒಂದು

ಬರ್ಡ್ ರೈಟ್ಸ್ ಅಂದರೆ ಒಂದೇ ಹಕ್ಕಲ್ಲ, ಮೂರು ದರ್ಜೆಯವು. ಆಟಗಾರ ನಡುವೆ ಫ್ರೀ ಏಜೆಂಟ್ ಆಗಿ ತಂಡ ಬದಲಿಸದೆ ಎಷ್ಟು ಸೀಸನ್ ಕಳೆದ ಎನ್ನುವುದರ ಮೇಲೆ ದರ್ಜೆ ನಿಂತಿದೆ. ಟ್ರೇಡ್ ಆದರೆ, ಅಂದರೆ ತಂಡಗಳು ಅವನನ್ನು ಒಪ್ಪಂದ ಸಮೇತ ಅದಲುಬದಲು ಮಾಡಿಕೊಂಡರೆ, ಎಣಿಕೆ ಅಳಿಯುವುದಿಲ್ಲ, ಗಂಟುಮೂಟೆ ಸಮೇತ ಹೊಸ ತಂಡಕ್ಕೆ ಹೋಗುತ್ತದೆ. ತಂಡ ಅವನನ್ನು ವೇವ್ ಮಾಡಿ (ಕೈಬಿಟ್ಟು), ಯಾರೂ ಎತ್ತಿಕೊಳ್ಳದೆ ಅವನು ಹೊಸದಾಗಿ ಬೇರೆ ಕಡೆ ಸಹಿ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಮೂರು ಸೀಸನ್ ಆಗಿದ್ದರೆ ಪೂರ್ತಿ ಬರ್ಡ್. ಗರಿಷ್ಠ ಸಂಬಳದವರೆಗೆ ಏನು ಬೇಕಾದರೂ ಕೊಡಬಹುದು. ಐದು ವರ್ಷದ ಒಪ್ಪಂದ, ವರ್ಷಕ್ಕೆ ಶೇ 8ರ ಏರಿಕೆ. ಹೊರಗಿನ ತಂಡ ಕೊಡಬಹುದಾದದ್ದು ನಾಲ್ಕೇ ವರ್ಷ, ಏರಿಕೆ ಶೇ 5. ಗರಿಷ್ಠ ಸಂಬಳ ಅಂದರೆ ಆರು ವರ್ಷದವರೆಗೆ ಆಡಿದವನಿಗೆ ಕ್ಯಾಪ್‌ನ ಶೇ 25, ಏಳರಿಂದ ಒಂಬತ್ತು ವರ್ಷದವನಿಗೆ ಶೇ 30, ಹತ್ತು ದಾಟಿದವನಿಗೆ ಶೇ 35.

ಎರಡು ಸೀಸನ್ ಆಗಿದ್ದರೆ ಅರ್ಲಿ ಬರ್ಡ್. ಹಿಂದಿನ ಸಂಬಳದ ಶೇ 175, ಇಲ್ಲವೇ ಲೀಗ್‌ನ ಸರಾಸರಿ ಸಂಬಳದ ಶೇ 105, ಎರಡರಲ್ಲಿ ಯಾವುದು ದೊಡ್ಡದೋ ಅದು. ಒಪ್ಪಂದ ಕನಿಷ್ಠ ಎರಡು ವರ್ಷದ್ದಿರಬೇಕು, ನಾಲ್ಕು ದಾಟಬಾರದು.

ಒಂದೇ ಸೀಸನ್ ಆಗಿದ್ದರೆ ನಾನ್ ಬರ್ಡ್. ಹೆಸರು ಕೇಳಿದರೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಅದೂ ಒಂದು ಹಕ್ಕೇ. ಹಿಂದಿನ ಸಂಬಳದ ಶೇ 120 ಕೊಡಬಹುದು.

ಈ ಕೊನೆಯ ಹಕ್ಕು ಎಷ್ಟು ಪುಟ್ಟದು ಎನ್ನುವುದನ್ನು ಡೆನ್ವರ್ ನಗೆಟ್ಸ್ 2023ರಲ್ಲಿ ಕಂಡುಕೊಂಡಿತು. ಬ್ರೂಸ್ ಬ್ರೌನ್ 2022ರಲ್ಲಿ ಅಲ್ಲಿಗೆ ಬಂದದ್ದು ಎರಡು ವರ್ಷದ ಒಪ್ಪಂದಕ್ಕೆ. ಎರಡನೆಯ ವರ್ಷ ಇರುವುದೋ ಬಿಡುವುದೋ ಎನ್ನುವ ಆಯ್ಕೆ ಅವನದ್ದೇ. ಮೊದಲ ವರ್ಷದ ಸಂಬಳ ಸುಮಾರು 65 ಲಕ್ಷ ಡಾಲರ್. ನಗೆಟ್ಸ್ ಚಾಂಪಿಯನ್ ಆಯಿತು, ಅದರಲ್ಲಿ ಅವನ ಪಾಲು ದೊಡ್ಡದಿತ್ತು. ಅವನು ಎರಡನೆಯ ವರ್ಷ ಬೇಡವೆಂದು ಹೊರಬಂದ. 65 ಲಕ್ಷದ ಶೇ 120 ಅಂದರೆ 78 ಲಕ್ಷ. ಕ್ಯಾಪ್ ದಾಟಿ ಕೂತಿದ್ದ ನಗೆಟ್ಸ್‌ಗೆ ಅದಕ್ಕಿಂತ ಹೆಚ್ಚು ಕೊಡುವ ದಾರಿಯೇ ಇರಲಿಲ್ಲ. ಇಂಡಿಯಾನಾ ಪೇಸರ್ಸ್ ಎರಡು ವರ್ಷಕ್ಕೆ 4.5 ಕೋಟಿ ಡಾಲರ್ ಇಟ್ಟಿತು. ಮಾಲೀಕರು ಜೇಬು ಬಿಚ್ಚಲಿಲ್ಲ ಎಂದು ಆಗ ಬೈದವರು ಬಹಳ. ಇಲ್ಲಿ ಜೇಬಿನ ಮಾತೇ ಬರುವುದಿಲ್ಲ. ಆಯ್ಕೆ ಆಟಗಾರನ ಕೈಗೆ ಹೋದ ದಿನವೇ ಈ ಅಪಾಯವೂ ಒಪ್ಪಂದದೊಳಗೆ ಕೂತಿತ್ತು. ಆ ಆಯ್ಕೆ ಕೊಡದಿದ್ದರೆ ಅಷ್ಟು ಕಡಿಮೆ ಸಂಬಳಕ್ಕೆ ಅವನು ಬರುತ್ತಿದ್ದನೇ ಎನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ. ಅಗ್ಗಕ್ಕೆ ಸಿಕ್ಕ ಒಳ್ಳೆಯ ಆಟಗಾರ ಹೀಗೆ ಒಂದೇ ವರ್ಷಕ್ಕೆ ಕೈಬಿಡುವುದು ಆ ಅಗ್ಗದ ಬೆಲೆಯ ಇನ್ನೊಂದು ಭಾಗ.

ಅರ್ಲಿ ಬರ್ಡ್‌ನಲ್ಲೂ ಇದೇ ಕಥೆ, ಮೊತ್ತ ಮಾತ್ರ ದೊಡ್ಡದು. ಐಸಾಯಾ ಹಾರ್ಟೆನ್‌ಸ್ಟೈನ್ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಎರಡು ಸೀಸನ್ ಮುಗಿಸಿದ. 2024ರಲ್ಲಿ ನಿಕ್ಸ್ ಅವನಿಗೆ ಹೆಚ್ಚೆಂದರೆ ನಾಲ್ಕು ವರ್ಷಕ್ಕೆ 7.25 ಕೋಟಿ ಡಾಲರ್ ಕೊಡಬಹುದಿತ್ತು, ಮೊದಲ ವರ್ಷ ಸುಮಾರು 1.62 ಕೋಟಿ. ಓಕ್ಲಹೋಮ ಸಿಟಿ ಥಂಡರ್ ಮೂರೇ ವರ್ಷಕ್ಕೆ 8.7 ಕೋಟಿ ಕೊಟ್ಟಿತು. ಹಳೆಯ ಒಪ್ಪಂದದಲ್ಲಿ ಇನ್ನೊಂದೇ ವರ್ಷ ಇದ್ದಿದ್ದರೆ ನಿಕ್ಸ್ ಆ ಮೊತ್ತವನ್ನು ಸಲೀಸಾಗಿ ಮೀರಿಸಬಹುದಿತ್ತು.

ಆ ಮೂರು ವರ್ಷಕ್ಕೆ ಎಷ್ಟು ಬೆಲೆ ಇದೆ ಎನ್ನುವುದು ಮಿನೆಸೋಟ ಟಿಂಬರ್‌ವುಲ್ವ್ಸ್ ಪ್ರಕರಣದಿಂದ ಜಗಜ್ಜಾಹೀರಾಯಿತು. ಜೋ ಸ್ಮಿತ್ ವರ್ಷಕ್ಕೊಂದರಂತೆ ಕಡಿಮೆ ಸಂಬಳದ ಒಪ್ಪಂದಗಳಿಗೆ ಸಹಿ ಹಾಕುತ್ತಾ ಹೋಗಬೇಕು, ಮೂರು ವರ್ಷ ತುಂಬಿ ಪೂರ್ತಿ ಬರ್ಡ್ ಹಕ್ಕು ಕೈಗೆ ಬಂದ ಮೇಲೆ ತಂಡ ದೊಡ್ಡ ಮೊತ್ತ ಕೊಡಬೇಕು. ಇದು ಒಳಗೊಳಗೇ ಆದ ಬರವಣಿಗೆಯ ಮಾತು. 2000ದಲ್ಲಿ ಅದು ಬಯಲಾಯಿತು. ಕಮಿಷನರ್ ಡೇವಿಡ್ ಸ್ಟರ್ನ್ ಒಪ್ಪಂದವನ್ನು ರದ್ದು ಮಾಡಿ, 35 ಲಕ್ಷ ಡಾಲರ್ ದಂಡ ಹಾಕಿ, ಐದು ವರ್ಷದ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳನ್ನು (ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಅವಕಾಶಗಳನ್ನು) ಕಿತ್ತುಕೊಂಡರು. ಎರಡನ್ನು ಆಮೇಲೆ ಮರಳಿಸಲಾಯಿತು. ಒಂದೊಂದು ವರ್ಷದ ಒಪ್ಪಂದಗಳನ್ನು ಸರಪಳಿಯಂತೆ ಕಟ್ಟುವುದು ಇವತ್ತಿಗೂ ತಪ್ಪಲ್ಲ. ಮುಂದಿನ ಮೊತ್ತವನ್ನು ಈಗಲೇ ಮಾತು ಕೊಟ್ಟು ಕಟ್ಟಿಹಾಕುವುದು ತಪ್ಪು.

ಟವೆಲ್ ಹಾಕಿದ ಸೀಟು

ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಕ್ಯಾಪ್ ಹೋಲ್ಡ್ ಎಂದರೆ ಅದೇ. ಆಟಗಾರನ ಒಪ್ಪಂದ ಮುಗಿದಿದೆ, ಹೊಸ ಸಹಿ ಇನ್ನೂ ಬಿದ್ದಿಲ್ಲ, ಆದರೆ ತಂಡಕ್ಕೆ ಅವನ ಮೇಲಿನ ಹಕ್ಕು ಬೇಕು. ಆಗ ಅವನ ಹೆಸರಿನಲ್ಲಿ ಒಂದು ಮೊತ್ತವನ್ನು ಕ್ಯಾಪ್ ಲೆಕ್ಕದಲ್ಲಿ ಹಿಡಿದಿಡುತ್ತಾರೆ. ಇದಿಲ್ಲದಿದ್ದರೆ ತಂಡ ತನ್ನವರನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ, ಖಾಲಿ ಕ್ಯಾಪ್‌ನಲ್ಲಿ ಹೊಸಬರನ್ನು ತುಂಬಿಸಿ, ಆಮೇಲೆ ತನ್ನವರನ್ನು ಹಕ್ಕಿನ ಬಲದಿಂದ ಒಳಗೆ ಕರೆಯಬಹುದಿತ್ತು.

ಟವೆಲ್‌ನ ಅಗಲ ಎಷ್ಟು ಎನ್ನುವುದಕ್ಕೂ ಸೂತ್ರ ಇದೆ. ಪೂರ್ತಿ ಬರ್ಡ್ ಆಟಗಾರನ ಹಿಂದಿನ ಸಂಬಳ ಲೀಗ್ ಸರಾಸರಿಗಿಂತ ಮೇಲಿದ್ದರೆ ಅದರ ಶೇ 150, ಕೆಳಗಿದ್ದರೆ ಶೇ 190. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದ ಹೊಸಬನ ಒಪ್ಪಂದದ (ರೂಕಿ ಒಪ್ಪಂದ) ನಾಲ್ಕನೆಯ ವರ್ಷ ಮುಗಿಸಿದವನಿಗೆ ಕ್ರಮವಾಗಿ ಶೇ 250 ಮತ್ತು ಶೇ 300. ಅರ್ಲಿ ಬರ್ಡ್‌ಗೆ ಶೇ 130, ನಾನ್ ಬರ್ಡ್‌ಗೆ ಶೇ 120. ಯಾವುದೇ ಆದರೂ ಅವನ ಗರಿಷ್ಠ ಸಂಬಳವನ್ನು ಮೀರುವಂತಿಲ್ಲ.

ಇಷ್ಟರಲ್ಲೇ ಒಂದು ಸಂದು ಇದೆ. ಕಡಿಮೆ ಸಂಬಳದಲ್ಲಿದ್ದು ದೊಡ್ಡ ತಾರೆಯಾಗಿ ಬೆಳೆದವನ ಟವೆಲ್ ಸಣ್ಣದು, ಕೂರುವ ಆಸಾಮಿ ದೊಡ್ಡವನು. 2024ರಲ್ಲಿ ಫಿಲಡೆಲ್ಫಿಯ ತಂಡ ಈ ಸಂದನ್ನು ಹೇಗೆ ಬಳಸಿತು ಎನ್ನುವುದನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಂಡ ಕೆಲಸ ಅದು.

ಟೈರೀಸ್ ಮ್ಯಾಕ್ಸಿ 2020ರ ಡ್ರಾಫ್ಟ್‌ನಲ್ಲಿ 21ನೆಯವನಾಗಿ ಬಂದವನು. ನಾಲ್ಕನೆಯ ವರ್ಷದ ಸಂಬಳ 43.4 ಲಕ್ಷ ಡಾಲರ್. 2023ರ ಅಕ್ಟೋಬರ್ ಒಳಗೇ ಅವನ ಒಪ್ಪಂದ ವಿಸ್ತರಿಸಬಹುದಿತ್ತು. ವಿಸ್ತರಿಸಿದ್ದರೆ 2024ರ ಜುಲೈ ಹೊತ್ತಿಗೆ ಅವನ ಹೊಸ ಸಂಬಳ, ಅಂದರೆ ಆ ವರ್ಷದ 14.06 ಕೋಟಿ ಕ್ಯಾಪ್‌ನ ಶೇ 25, ಸುಮಾರು 3.51 ಕೋಟಿ ಡಾಲರ್, ಲೆಕ್ಕದಲ್ಲಿ ಕೂತುಬಿಡುತ್ತಿತ್ತು. ತಂಡ ವಿಸ್ತರಿಸಲಿಲ್ಲ. ಹಾಗಾಗಿ ಜುಲೈನಲ್ಲಿ ಅವನ ಹೆಸರಿನಲ್ಲಿ ಕೂತದ್ದು 43.4 ಲಕ್ಷದ ಮೂರು ಪಟ್ಟು, ಸುಮಾರು 1.30 ಕೋಟಿ.

ಈಗ ಕೂಡಿಸಿ. ತಂಡದಲ್ಲಿ ಆಗಲೇ ಇದ್ದ ಜೋಯೆಲ್ ಎಂಬೀಡ್ 5.14 ಕೋಟಿ. ಮ್ಯಾಕ್ಸಿಯ ಹೋಲ್ಡ್ 1.30. ತರಬೇಕೆಂದಿದ್ದ ಪಾಲ್ ಜಾರ್ಜ್‌ಗೆ ಶೇ 35ರ ಗರಿಷ್ಠ, 4.92. ತಂಡದಲ್ಲಿ ಹನ್ನೆರಡು ಜನ ಇಲ್ಲದಿದ್ದರೆ ಖಾಲಿ ಇರುವ ಒಂದೊಂದು ಜಾಗಕ್ಕೂ ರೂಕಿ ಕನಿಷ್ಠ ಸಂಬಳದ ಲೆಕ್ಕ ಹಿಡಿಯುತ್ತಾರೆ. ಆ ವರ್ಷ ಅದು ಸುಮಾರು 11.57 ಲಕ್ಷ. ಒಂಬತ್ತು ಜಾಗಕ್ಕೆ 1.04 ಕೋಟಿ. ಒಟ್ಟು 12.40 ಕೋಟಿ. ಕ್ಯಾಪ್ 14.06. ಜಾರ್ಜ್ ಬಂದ ಮೇಲೂ ಒಂದೂವರೆ ಕೋಟಿಗಿಂತ ಹೆಚ್ಚು ಉಳಿಯಿತು. ಅದೇ ಲೆಕ್ಕದಲ್ಲಿ 1.30 ತೆಗೆದು ಮ್ಯಾಕ್ಸಿಯ ನಿಜ ಸಂಬಳ 3.51 ಹಾಕಿ ನೋಡಿ. ಮೊತ್ತ 14.61 ಕೋಟಿಗೆ ಹೋಗುತ್ತದೆ, ಗೆರೆ ದಾಟುತ್ತದೆ. ಆಗ ಜಾರ್ಜ್‌ಗೆ ಪೂರ್ತಿ ಗರಿಷ್ಠ ಸಂಬಳ ಕೊಡಲು ಆಗುತ್ತಲೇ ಇರಲಿಲ್ಲ.

ಹಾಗಾಗಿ ಸಹಿಗಳ ಅನುಕ್ರಮವೇ ಇಲ್ಲಿ ಎಲ್ಲ. ಮೊದಲು ಹೊರಗಿನವನು, ಜಾರ್ಜ್, ನಾಲ್ಕು ವರ್ಷಕ್ಕೆ 21.2 ಕೋಟಿ. ಜಾಗವೆಲ್ಲ ಬಳಸಿದ ಮೇಲೆ ಕೊನೆಗೆ ಮನೆಯವನು, ಮ್ಯಾಕ್ಸಿ, ಬರ್ಡ್ ಹಕ್ಕಿನ ಮೇಲೆ ಗೆರೆ ದಾಟಿ, ಐದು ವರ್ಷಕ್ಕೆ ಸುಮಾರು 20.4 ಕೋಟಿ. ಸ್ಯಾನ್ ಆಂಟೋನಿಯೊ ಸ್ಪರ್ಸ್ 2015ರಲ್ಲಿ ಕವಾಯ್ ಲೆನರ್ಡ್‌ನನ್ನು ಸಣ್ಣ ಹೋಲ್ಡ್‌ನಲ್ಲಿ ಕಾಯಿಸಿ ಲಮಾರ್ಕಸ್ ಆಲ್ಡ್ರಿಜ್‌ನನ್ನು ತಂದದ್ದೂ ಇದೇ ದಾರಿಯಲ್ಲಿ.

ಕೆಡುವುದು ಎಲ್ಲಿ? ಆಟಗಾರ ಒಂದು ಇಡೀ ಸೀಸನ್ ದೊಡ್ಡ ಮೊತ್ತದ ಭರವಸೆ ಕಾಗದದ ಮೇಲಿಲ್ಲದೆ ಆಡಬೇಕು. ಮಂಡಿ ಮುರಿದರೆ ನಷ್ಟ ಅವನದ್ದು. ಬೇಸರವಾದರೆ ಅವನು ಬೇರೆ ತಂಡದ ಆಫರ್ ಶೀಟ್‌ಗೆ (ಇಷ್ಟು ಕೊಡುತ್ತೇವೆ ಎಂಬ ಪತ್ರಕ್ಕೆ) ಸಹಿ ಹಾಕಬಹುದು. ಆಗ ತಂಡ ಹೊರಗಿನವನ ಜೊತೆ ಮಾತು ಮುಗಿಸುವ ಮೊದಲೇ ಮನೆಯವನ ಮೊತ್ತವನ್ನು ಸರಿಗಟ್ಟಬೇಕಾಗಿ ಬಂದು, ಹಿಡಿದಿಟ್ಟ ಜಾಗವೆಲ್ಲ ಕರಗುತ್ತದೆ. ಮಾತಿನ ಮೇಲಿನ ನಂಬಿಕೆ ಗಟ್ಟಿಯಿಲ್ಲದ ಕಡೆ ಈ ಪ್ರಯೋಗ ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದದ್ದು ಹಕ್ಕು ಬಿಟ್ಟುಕೊಡುವುದು. ಟವೆಲ್ ಎತ್ತಿಬಿಟ್ಟರೆ ಹೋಲ್ಡ್ ಹೋಗಿ ಜಾಗ ಸಿಗುತ್ತದೆ, ಆದರೆ ಬರ್ಡ್ ಹಕ್ಕೂ ಹೋಗುತ್ತದೆ. ಆಮೇಲೆ ಅದೇ ಆಟಗಾರನನ್ನು ಉಳಿದ ಜಾಗದಲ್ಲೋ, ಮಿಡ್ ಲೆವೆಲ್‌ನಂಥ ರಿಯಾಯಿತಿಯಲ್ಲೋ, ಕನಿಷ್ಠ ಸಂಬಳಕ್ಕೋ ಮಾತ್ರ ಕರೆಯಬಹುದು. ದೊಡ್ಡ ತಾರೆ ಬಂದೇ ಬರುತ್ತಾನೆ ಎಂದು ಟವೆಲ್ ಎತ್ತಿ, ಅವನು ಬೇರೆ ಊರಿಗೆ ಹೋದರೆ ತಂಡಕ್ಕೆ ಎರಡೂ ಇಲ್ಲ.

ಕೊಡುವ ಹಕ್ಕು, ತಡೆಯುವ ಹಕ್ಕು

ಬರ್ಡ್ ಹಕ್ಕು ಎಂದರೆ ಹಣ ಕೊಡಲು ತಂಡಕ್ಕಿರುವ ಅನುಮತಿ ಅಷ್ಟೇ. ಆಟಗಾರನನ್ನು ಹಿಡಿದು ನಿಲ್ಲಿಸುವ ಬಲ ಅದಕ್ಕಿಲ್ಲ. ನಿಲ್ಲಿಸುವ ಬಲ ಬರುವುದು ಅವನು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ ಆಗಿದ್ದರೆ. ಹೊರಗಿನ ತಂಡದ ಆಫರ್ ಶೀಟ್ ಬಂದಾಗ ಅದೇ ಮೊತ್ತವನ್ನು ತಾನೂ ಕೊಡುತ್ತೇನೆ ಎಂದು ಹೇಳಿ ಉಳಿಸಿಕೊಳ್ಳಬಹುದು. ಐಪಿಎಲ್‌ನ ರೈಟ್ ಟು ಮ್ಯಾಚ್ ಕಾರ್ಡ್ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಹರಾಜಿನಲ್ಲಿ ಮೊಹಮ್ಮದ್ ಸಿರಾಜ್‌ಗೆ ಗುಜರಾತ್ ಟೈಟನ್ಸ್ 12.25 ಕೋಟಿ ಕೂಗಿದಾಗ ಆರ್‌ಸಿಬಿ ಕಾರ್ಡ್ ಎತ್ತಲಿಲ್ಲ, ಅವನು ಹೋದ. ವ್ಯತ್ಯಾಸ ಇಷ್ಟೇ: ಎನ್‌ಬಿಎಯಲ್ಲಿ ಕಾರ್ಡ್‌ಗಳ ಎಣಿಕೆ ಇಲ್ಲ, ಆದರೆ ಯಾರ ಮೇಲೆ ಬಳಸಬಹುದು ಎಂಬ ನಿರ್ಬಂಧ ಇದೆ.

ಮೊದಲ ಸುತ್ತಿನ ರೂಕಿ ಒಪ್ಪಂದದ ನಾಲ್ಕು ವರ್ಷ ಮುಗಿಸಿದವರು, ಮತ್ತು ಉಳಿದವರಲ್ಲಿ ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆ ಆಡಿದವರು, ಇವರ ಮೇಲೆ ಮಾತ್ರ. ಅದಕ್ಕೂ ತಂಡ ಜೂನ್ 29ರ ಒಳಗೆ ಕ್ವಾಲಿಫೈಯಿಂಗ್ ಆಫರ್, ಅಂದರೆ ಒಂದು ವರ್ಷದ ಒಪ್ಪಂದದ ಪ್ರಸ್ತಾವ, ಕೊಟ್ಟಿರಬೇಕು. ಇಲ್ಲಿ ಎರಡನೆಯ ಸುತ್ತಿನ ಆಟಗಾರರ ಕಡೆ ವಿಶೇಷ ಗಮನ ಬೇಕು, ತಂಡಗಳು ಎಡವಿರುವುದು ಹೆಚ್ಚಾಗಿ ಅಲ್ಲೇ.

ಡಲ್ಲಸ್ ಮಾವೆರಿಕ್ಸ್ 2018ರಲ್ಲಿ 33ನೆಯ ಆಯ್ಕೆಯಾಗಿ ಬಂದ ಜೇಲನ್ ಬ್ರನ್ಸನ್‌ಗೆ ನಾಲ್ಕು ವರ್ಷದ ಒಪ್ಪಂದ ಕೊಟ್ಟಿತು. ನಾಲ್ಕು ವರ್ಷ ಅಗ್ಗಕ್ಕೆ ಆಡಿಸಿತು. ಆದರೆ ನಾಲ್ಕು ವರ್ಷ ಮುಗಿದ ಎರಡನೆಯ ಸುತ್ತಿನವನು ರಿಸ್ಟ್ರಿಕ್ಟೆಡ್ ಆಗುವುದಿಲ್ಲ. 2022ರಲ್ಲಿ ಡಲ್ಲಸ್ ಕೈಯಲ್ಲಿ ಪೂರ್ತಿ ಬರ್ಡ್ ಹಕ್ಕು ಇತ್ತು, ಯಾರಿಗಿಂತಲೂ ಹೆಚ್ಚು ಕೊಡಬಹುದಿತ್ತು. ತಡೆಯುವ ಹಕ್ಕು ಮಾತ್ರ ಇರಲಿಲ್ಲ. ಅದಕ್ಕೂ ಮೊದಲು ನಾಲ್ಕು ವರ್ಷಕ್ಕೆ ಸುಮಾರು 5.55 ಕೋಟಿ ಡಾಲರ್‌ಗೆ ಒಪ್ಪಂದ ವಿಸ್ತರಿಸುವ ಅವಕಾಶ ಕಳೆದುಹೋಗಿತ್ತು. ನಿಕ್ಸ್ 10.4 ಕೋಟಿಗೆ ಕರೆದುಕೊಂಡು ಹೋಯಿತು.

ಡೆನ್ವರ್ ಇದನ್ನೇ ಮೊದಲೇ ಯೋಚಿಸಿತ್ತು. ನಿಕೊಲಾ ಯೋಕಿಚ್ ಕೂಡ ಎರಡನೆಯ ಸುತ್ತಿನವನೇ. 2018-19ಕ್ಕೆ ಅವನನ್ನು ಬರೀ 16 ಲಕ್ಷ ಡಾಲರ್‌ಗೆ ಆಡಿಸುವ ಆಯ್ಕೆ ತಂಡದ ಕೈಯಲ್ಲಿತ್ತು. ತಂಡ ಅದನ್ನು ಬೇಡವೆಂದಿತು. ಮೂರೇ ವರ್ಷ ಆಡಿದ್ದರಿಂದ ಅವನು ರಿಸ್ಟ್ರಿಕ್ಟೆಡ್ ಆದ, ಐದು ವರ್ಷಕ್ಕೆ ಸುಮಾರು 14.7 ಕೋಟಿಗೆ ಅಲ್ಲೇ ಸಹಿ ಹಾಕಿದ. ಒಂದು ವರ್ಷದ ಅಗ್ಗವನ್ನು ಬಿಟ್ಟು ಐದು ವರ್ಷದ ಭದ್ರತೆ ಕೊಂಡ ಹಾಗೆ. ಇದೇ ದಾರಿಯಲ್ಲಿ ಹೋದ ಹ್ಯೂಸ್ಟನ್ ರಾಕೆಟ್ಸ್‌ಗೆ ಮಾತ್ರ 2014ರಲ್ಲಿ ಕೈಸುಟ್ಟಿತು. ಚಾಂಡ್ಲರ್ ಪಾರ್ಸನ್ಸ್‌ನ ಆಯ್ಕೆ ಬಿಟ್ಟು ರಿಸ್ಟ್ರಿಕ್ಟೆಡ್ ಮಾಡಿತು, ಡಲ್ಲಸ್ ಮೂರು ವರ್ಷಕ್ಕೆ 4.6 ಕೋಟಿಯ ಆಫರ್ ಶೀಟ್ ಇಟ್ಟಿತು, ಹ್ಯೂಸ್ಟನ್ ಸರಿಗಟ್ಟಲಿಲ್ಲ. ಸರಿಗಟ್ಟುವ ಮನಸ್ಸು ಮೊದಲೇ ಗಟ್ಟಿಯಿದ್ದರೆ ಮಾತ್ರ ಈ ದಾರಿ.

ತಡೆಯುವ ಹಕ್ಕು ಇದ್ದು ಕೊಡುವ ಹಕ್ಕು ಸಾಲದಿದ್ದರೂ ಕೆಡುತ್ತದೆ. 2003ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಳಿ ಗಿಲ್ಬರ್ಟ್ ಅರೀನಸ್ ಮೇಲೆ ಇದ್ದದ್ದು ಅರ್ಲಿ ಬರ್ಡ್ ಮಾತ್ರ. ವಾಷಿಂಗ್ಟನ್ ವಿಜರ್ಡ್ಸ್ ಕೊಟ್ಟ ಮೊತ್ತವನ್ನು ಸರಿಗಟ್ಟಲು ಅದು ಸಾಲಲಿಲ್ಲ. ಅದಾದ ಮೇಲೆ ನಿಯಮವೇ ಬದಲಾಯಿತು, ಅದಕ್ಕೆ ಅರೀನಸ್ ಹೆಸರೇ ನಿಂತಿದೆ: ಒಂದು ಅಥವಾ ಎರಡು ವರ್ಷ ಆಡಿದವನಿಗೆ ಹೊರಗಿನವರು ಕೊಡುವ ಮೊದಲ ವರ್ಷದ ಸಂಬಳ ಮಿಡ್ ಲೆವೆಲ್ ಮೀರುವಂತಿಲ್ಲ. ಮೂರನೆಯ ವರ್ಷ ಬೇಕಾದರೆ ಹಾರಿಸಬಹುದು. ಆ ಹಾರಿಕೆಯೇ 2012ರಲ್ಲಿ ನಿಕ್ಸ್‌ನ ಜೆರೆಮಿ ಲಿನ್‌ನ ಆಫರ್ ಶೀಟ್‌ನಲ್ಲಿ ಕೂತಿತ್ತು. ಹ್ಯೂಸ್ಟನ್ ಕೊಟ್ಟ ಸುಮಾರು 2.5 ಕೋಟಿಯಲ್ಲಿ ಮೂರನೆಯ ವರ್ಷದ ಪಾಲೇ ಒಂದೂವರೆ ಕೋಟಿಯ ಹತ್ತಿರ. ಸರಿಗಟ್ಟಿದ್ದರೆ ಆ ಮೂರನೆಯ ವರ್ಷವೇ, ಹೆಚ್ಚು ಸಂಬಳ ಕೊಡುವ ತಂಡಕ್ಕೆ ಲೀಗ್ ಹಾಕುವ ತೆರಿಗೆಯ ಹೊಡೆತ ಬೀಳುತ್ತಿದ್ದ ನಿಕ್ಸ್ ಅವನನ್ನು ಬಿಟ್ಟುಕೊಟ್ಟಿತು.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದಲ್ಲಿ ಎರಡನೆಯ ಸುತ್ತಿನವರಿಗೆಂದೇ ಪ್ರತ್ಯೇಕ ರಿಯಾಯಿತಿ ಬಂದಿದೆ. ಕೊನೆಯ ವರ್ಷದ ಆಯ್ಕೆ ತಂಡದ ಕೈಯಲ್ಲಿಟ್ಟು ಮೂರು ಅಥವಾ ನಾಲ್ಕು ವರ್ಷ ಬರೆಯಬಹುದು. ಯೋಕಿಚ್ ಮಾದರಿಯ ಬಾಗಿಲು ತೆರೆದಿಡಬೇಕೆಂದರೆ ಈ ಆಯ್ಕೆಯನ್ನು ಒಪ್ಪಂದದಲ್ಲಿ ಬರೆದಿಡಲೇಬೇಕು.

ಹಾಗಾದರೆ ನಿಜವಾಗಿ ಜಾಗ ಇಲ್ಲದಿರುವುದು ಯಾವಾಗ?

ಬರ್ಡ್ ಹಕ್ಕು ಕ್ಯಾಪ್ ದಾಟಿಸುತ್ತದೆ, ಲಕ್ಷುರಿ ಟ್ಯಾಕ್ಸ್ ಗೆರೆ ದಾಟಿಸುತ್ತದೆ, ಎರಡನೆಯ ಎಪ್ರನ್ ಕೂಡ ದಾಟಿಸುತ್ತದೆ. ಎಪ್ರನ್ ಅಂದರೆ ತೆರಿಗೆ ಗೆರೆಗಿಂತ ಮೇಲಿರುವ ಎರಡು ನಿರ್ಬಂಧದ ಗೆರೆಗಳು. 2025-26ರಲ್ಲಿ ತೆರಿಗೆ ಗೆರೆ 18.79 ಕೋಟಿ, ಮೊದಲ ಎಪ್ರನ್ 19.59, ಎರಡನೆಯದು 20.78. ಅದು ಸೋಲುವುದು ಒಂದೇ ಕಡೆ, ಹಾರ್ಡ್ ಕ್ಯಾಪ್ ಮುಂದೆ. ತಂಡ ಆ ವರ್ಷ ಪೂರ್ತಿ ಮಿಡ್ ಲೆವೆಲ್ ಬಳಸಿದ್ದರೆ, ಅಥವಾ ಸೈನ್ ಆಂಡ್ ಟ್ರೇಡ್‌ನಲ್ಲಿ (ಹಳೆಯ ತಂಡ ಸಹಿ ಹಾಕಿಸಿ ಕೂಡಲೇ ಟ್ರೇಡ್ ಮಾಡುವ ದಾರಿಯಲ್ಲಿ) ಆಟಗಾರನನ್ನು ಪಡೆದಿದ್ದರೆ, ಮೊದಲ ಎಪ್ರನ್ ಅದಕ್ಕೆ ಕಲ್ಲಿನ ಗೋಡೆ. ತೆರಿಗೆ ಕಟ್ಟುವವರಿಗಿರುವ ಸಣ್ಣ ಮಿಡ್ ಲೆವೆಲ್ ಬಳಸಿದ್ದರೆ ಎರಡನೆಯ ಎಪ್ರನ್ ಗೋಡೆ. ಗೋಡೆ ಎದ್ದ ಮೇಲೆ ಯಾವ ಬರ್ಡ್ ಹಕ್ಕೂ ಒಂದು ಡಾಲರ್ ಆಚೆ ಹೋಗಲು ಬಿಡುವುದಿಲ್ಲ. "ಜಾಗ ಇರ್ಲಿಲ್ಲ" ಎಂಬ ಮಾತು ನಿಜವಾಗುವುದು ಇಲ್ಲಿ ಮಾತ್ರ. ಅದೂ ಜುಲೈ ಮೊದಲ ವಾರ ಹೊರಗಿನವನನ್ನು ಯಾವ ದಾರಿಯಲ್ಲಿ ತಂದರು ಎನ್ನುವುದರಿಂದ ತಾವೇ ಕಟ್ಟಿಕೊಂಡ ಗೋಡೆ.

ಉಳಿದದ್ದೆಲ್ಲ ಬೆಲೆಯ ಪ್ರಶ್ನೆ, ಬೆಲೆ ಈಗ ವಿಪರೀತ. 2025-26ರಿಂದ ತೆರಿಗೆ ಮೆಟ್ಟಿಲುಗಳು ಹೀಗಿವೆ: ಗೆರೆಯ ಮೇಲಿನ ಮೊದಲ 57 ಲಕ್ಷದಷ್ಟಕ್ಕೆ (ಇದು 2025-26ರ ಅಳತೆ) ಡಾಲರ್‌ಗೆ ಒಂದು ಡಾಲರ್, ಮುಂದಿನ ಅಷ್ಟಕ್ಕೆ 1.25, ಅದರ ಮುಂದೆ 3.50, ಆಮೇಲೆ 4.75. ಪದೇ ಪದೇ ಕಟ್ಟುತ್ತಿರುವ ತಂಡಕ್ಕೆ ಪ್ರತಿ ಮೆಟ್ಟಿಲಿಗೂ ಎರಡು ಡಾಲರ್ ಹೆಚ್ಚು. ಆಗಲೇ ಮೂರು ಮೆಟ್ಟಿಲು ಹತ್ತಿ ನಿಂತ ತಂಡ ತನ್ನ ಬೆಂಚ್ ಆಟಗಾರನೊಬ್ಬನನ್ನು 50 ಲಕ್ಷಕ್ಕೆ ಉಳಿಸಿಕೊಂಡರೆ ಅವನ ಮೇಲಿನ ತೆರಿಗೆಯೇ 2.375 ಕೋಟಿ. ಪದೇ ಪದೇ ಕಟ್ಟುವ ತಂಡವಾಗಿದ್ದರೆ 3.375 ಕೋಟಿ. ತೆರಿಗೆಯ ಲೆಕ್ಕ ಹಿಡಿಯುವುದು ರೆಗ್ಯುಲರ್ ಸೀಸನ್‌ನ ಕೊನೆಯ ದಿನದ ಸಂಬಳ ಪಟ್ಟಿಯ ಮೇಲೆ, ಅದಕ್ಕೇ ಫೆಬ್ರುವರಿ ಟ್ರೇಡ್‌ಗಳಲ್ಲಿ ಅಷ್ಟೊಂದು ಜನರನ್ನು ಸುಮ್ಮನೆ ಸಾಗಹಾಕುವುದು. ಹಣ ಇದ್ದವರಿಗೂ ಎರಡನೆಯ ಎಪ್ರನ್ ಬೇರೆ ಕಡೆಯಿಂದ ಕಟ್ಟಿಹಾಕುತ್ತದೆ. ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕಳಿಸುವಂತಿಲ್ಲ, ಮಿಡ್ ಲೆವೆಲ್ ಇಲ್ಲವೇ ಇಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಟ್ರೇಡ್ ಮಾಡಲಾಗದಂತೆ ಹೆಪ್ಪುಗಟ್ಟುತ್ತದೆ.

2024ರ ಚಾಂಪಿಯನ್ ಬಾಸ್ಟನ್ ಒಂದೇ ವರ್ಷದಲ್ಲಿ ಜ್ರೂ ಹಾಲಿಡೇಯನ್ನು ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಪ್ಸ್ ಪೊರ್ಜಿಂಗಿಸ್‌ನನ್ನು ಅಟ್ಲಾಂಟಕ್ಕೆ ಕಳಿಸಿತು. ಒಪ್ಪಂದ ಮುಗಿದ ಲ್ಯೂಕ್ ಕಾರ್ನೆಟ್ ಸ್ಯಾನ್ ಆಂಟೋನಿಯೊಗೆ ಹೋದ, ಆಲ್ ಹಾರ್ಫರ್ಡ್ ಗೋಲ್ಡನ್ ಸ್ಟೇಟ್‌ಗೆ. ತಂಡದ ತಾರೆಗಳಾದ ಜೇಸನ್ ಟೇಟಂ ಮತ್ತು ಜೇಲನ್ ಬ್ರೌನ್ ಇಬ್ಬರ ಸೂಪರ್‌ಮ್ಯಾಕ್ಸ್ ಒಪ್ಪಂದಗಳೇ ಕೂಡಿದರೆ 60 ಕೋಟಿ ಡಾಲರ್ ಹತ್ತಿರ ಬರುತ್ತವೆ. ಬರ್ಡ್ ಹಕ್ಕು ಯಾವ ತಂಡದ ನೆನಪಿನಿಂದ ಹೆಸರು ಪಡೆಯಿತೋ ಅದೇ ತಂಡ ತನ್ನ ಗೆದ್ದ ಗುಂಪನ್ನು ಹೀಗೆ ಚದುರಿಸಬೇಕಾಯಿತು ಎನ್ನುವುದು ನನಗೆ ಬೇಸರ ತರುತ್ತದೆ. ಒಳಗೇ ಬೆಳೆದವರನ್ನು ಉಳಿಸಿಕೊಂಡ ಸಂಬಳಕ್ಕೂ ಹೊರಗಿನಿಂದ ಕೊಂಡುತಂದ ಸಂಬಳಕ್ಕೂ ತೆರಿಗೆಯಲ್ಲಿ ವ್ಯತ್ಯಾಸ ಇರಲೇಬೇಕು. ಕ್ಯಾಪ್ ಗೆರೆಯ ಬಳಿ ಆ ವ್ಯತ್ಯಾಸ ಒಪ್ಪಿದ ಲೀಗ್ ಎಪ್ರನ್ ಬಳಿ ಅದನ್ನು ಮರೆತಿದೆ.

ಸೂಪರ್‌ಮ್ಯಾಕ್ಸ್ ಬಗ್ಗೆ ಒಂದು ಮಾತು. ಏಳರಿಂದ ಒಂಬತ್ತು ವರ್ಷದವನಿಗೂ, ಪ್ರಶಸ್ತಿಯ ಅರ್ಹತೆ ಇದ್ದರೆ, ಶೇ 35 ಕೊಡುವ ಈ ಅವಕಾಶ ಇರುವುದು ಡ್ರಾಫ್ಟ್ ಮಾಡಿದ, ಇಲ್ಲವೇ ರೂಕಿ ಒಪ್ಪಂದದ ಕಾಲದಲ್ಲೇ ಟ್ರೇಡ್‌ನಲ್ಲಿ ಪಡೆದ ತಂಡಕ್ಕೆ ಮಾತ್ರ. ಬರ್ಡ್ ಹಕ್ಕು ಟ್ರೇಡ್‌ನ ಜೊತೆ ಹೋಗುತ್ತದೆ, ಇದು ಹೋಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಲೂಕಾ ಡಾನ್ಸಿಚ್ ಡಲ್ಲಸ್‌ನಿಂದ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಟ್ರೇಡ್ ಆದಾಗ ಅವನ ಕೈಯಿಂದ ಜಾರಿದ್ದು ಇದೇ. ಆಗಸ್ಟ್‌ನಲ್ಲಿ ಅವನು ಮೂರು ವರ್ಷಕ್ಕೆ ಸುಮಾರು 16.5 ಕೋಟಿಯ ವಿಸ್ತರಣೆಗೆ ಸಹಿ ಹಾಕಿದ.

ಇಲ್ಲಿ ಕೂತು ನೋಡುವವರಿಗೆ ಇನ್ನೊಂದೆರಡು ದಿನಾಂಕ. ಫೈನಲ್ಸ್ ಮುಗಿದ ಮರುದಿನದಿಂದಲೇ ತಂಡ ತನ್ನ ಆಟಗಾರರ ಜೊತೆ ಮಾತು ಶುರು ಮಾಡಬಹುದು, ಹೊರಗಿನವರು ಜುಲೈ 1ರ ನಮ್ಮ ಬೆಳಗಿನ ಜಾವದವರೆಗೆ ಕಾಯಬೇಕು. ಅಲ್ಲಿಂದ ಜುಲೈ 6ರ ರಾತ್ರಿ ಒಂಬತ್ತೂವರೆಯವರೆಗೆ ಬರುವ ಸುದ್ದಿಯಲ್ಲಿ ಹೆಚ್ಚಿನವು ಬಾಯಿಮಾತು, ಸಹಿಗಳು ಆಮೇಲೆ. "ಮ್ಯಾಕ್ಸಿ ಒಪ್ಪಿದ" ಎಂಬ ಸುದ್ದಿ ಮೊದಲೇ ಬಂದರೂ ಅವನ ಹೆಸರಿನಲ್ಲಿ ಹೋಲ್ಡ್ ಮಾತ್ರ ಕೂತಿರುವುದು ಅದಕ್ಕೇ. ಕ್ಯಾಪ್ ದಾಟಿದ ತಂಡ ಬರ್ಡ್ ಅಥವಾ ಅರ್ಲಿ ಬರ್ಡ್ ಬಳಸಿ ಶೇ 20ಕ್ಕಿಂತ ಹೆಚ್ಚಿನ ಏರಿಕೆ ಕೊಟ್ಟು ಯಾರನ್ನಾದರೂ ಉಳಿಸಿಕೊಂಡಿದ್ದರೆ ಅವನನ್ನು ಜನವರಿ 15ರವರೆಗೆ ಟ್ರೇಡ್ ಮಾಡುವಂತಿಲ್ಲ. ಮತ್ತೆ ಒಂದೇ ವರ್ಷಕ್ಕೆ ಸಹಿ ಹಾಕಿ, ವರ್ಷದ ಕೊನೆಗೆ ಬರ್ಡ್ ಅಥವಾ ಅರ್ಲಿ ಬರ್ಡ್ ಹಕ್ಕು ತುಂಬುವವನು ಟ್ರೇಡ್ ಆದರೆ ಆ ಹಕ್ಕು ನಾನ್ ಬರ್ಡ್‌ಗೆ ಇಳಿಯುತ್ತದೆ. ಅದಕ್ಕೇ ಅಂಥವನ ಟ್ರೇಡ್‌ಗೆ ಅವನ ಒಪ್ಪಿಗೆ ಬೇಕು. ಡಿಸೆಂಬರ್ ಜನವರಿಯಲ್ಲಿ ಯಾರೋ "ಟ್ರೇಡ್ ಬೇಡವೆಂದ" ಎಂಬ ಸುದ್ದಿ ಓದಿದರೆ ಮೊದಲು ಅವನ ಒಪ್ಪಂದ ಎಷ್ಟು ವರ್ಷದ್ದು ಎಂದು ನೋಡಿ.